ಪೈಪಿನೊಳಗಿನ ಕರೆಂಟಿಗೆ ಮೊದಲು ಲೆಕ್ಕ ಕೊಡಿ: ಮೇಯರ್ ಅವರಿಗೆ ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಮಾನ್ಯ ಮೇಯರ್ ಅವರಿಗೆ ನಮಸ್ಕಾರಗಳು.

ಕುಡಿಯುವ ನೀರಿನ ಪೈಪಿನೊಳಗೆ ಪುಟ್ಟ ಟರ್ಬೈನ್ ಕೂರಿಸಿ ವಿದ್ಯುತ್ ತೆಗೆಯುವ ವಿಡಿಯೊಗಳು ಈಗ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿವೆ. ಇಂದಲ್ಲ ನಾಳೆ ಯಾರಾದರೂ ಬಣ್ಣಬಣ್ಣದ ಪ್ರಸ್ತಾವ ಹಿಡಿದು ನಿಮ್ಮ ಕೊಠಡಿಗೂ ಬಂದಾರು. ಅವರನ್ನು ಬಾಗಿಲಲ್ಲೇ ತಡೆಯಿರಿ ಎನ್ನುವುದಿಲ್ಲ. ಒಂದು ಪ್ರಶ್ನೆ ಮಾತ್ರ ಕೇಳಿ: ಈ ನೀರಿಗೆ ಒತ್ತಡ ಎಲ್ಲಿಂದ ಬಂತು?

ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 2015ರಲ್ಲಿ ಇಂಥ ನಾಲ್ಕು ಟರ್ಬೈನ್‌ಗಳು ಕೆಲಸ ಆರಂಭಿಸಿದವು. ಒಟ್ಟು ಸಾಮರ್ಥ್ಯ 200 ಕಿಲೋವ್ಯಾಟ್. ಅಲ್ಲಿ ನೀರು ಎತ್ತರದಿಂದ ತಾನಾಗಿಯೇ ಇಳಿದು ಬರುತ್ತದೆ. ನಮ್ಮ ಮಲಪ್ರಭೆಯದು ಹಾಗಲ್ಲ. ನವಿಲುತೀರ್ಥದ ಜಲಾಶಯದಿಂದ ಅಮ್ಮಿನಭಾವಿಯ ಶುದ್ಧೀಕರಣ ಘಟಕಕ್ಕೆ ಅದನ್ನು ಪಂಪ್ ಹಚ್ಚಿ ಎತ್ತಿ ತರುತ್ತೇವೆ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು, ಪಂಪಿನ ದಕ್ಷತೆ ಶೇ 65 ಎಂದು ಹಿಡಿದರೆ, ಸುಮಾರು 0.42 ಯೂನಿಟ್ ಬೇಕು. ಅದೇ ನೀರನ್ನು ಅಷ್ಟೇ ಎತ್ತರದಿಂದ ಶೇ 70 ದಕ್ಷತೆಯ ಟರ್ಬೈನಿನ ಮೇಲೆ ಬಿಟ್ಟರೆ ಮರಳಿ ಸಿಗುವುದು 0.19. ಪಂಪಿನ ಕೊಳವೆಗೆ ಟರ್ಬೈನ್ ಹಾಕುವುದೆಂದರೆ ಹೆಸ್ಕಾಂನಿಂದ ಕೊಂಡ ಕರೆಂಟನ್ನು ಅರ್ಧ ಬೆಲೆಗೂ ಕಡಿಮೆಗೆ ಮಾರಿದ ಹಾಗೆ.

ಹಾಗೆಂದು ಇಲ್ಲಿ ಏನೂ ಸಾಧ್ಯವಿಲ್ಲವೆಂದಲ್ಲ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ನೀರು ಇಳಿಯುವ ಕಡೆ ಒತ್ತಡ ಹೆಚ್ಚಾಗಿ ಪೈಪ್ ಒಡೆಯದಿರಲೆಂದು ವಾಲ್ವನ್ನು ಅರ್ಧ ಮುಚ್ಚುತ್ತಾರೆ. ಆ ವಾಲ್ವ್ ಇರುವ ಗುಂಡಿಯ ಪಕ್ಕ ನಿಂತರೆ ಕಬ್ಬಿಣದೊಳಗಿಂದ ಬುಸುಗುಡುವ ಸದ್ದು ಕೇಳಿಸುತ್ತದೆ. ವ್ಯರ್ಥವಾಗುತ್ತಿರುವ ಶಕ್ತಿ ಅದೇ. ಟರ್ಬೈನಿಗೆ ತಕ್ಕ ಜಾಗವೂ ಅದೇ. ದಿನಕ್ಕೆ ಒಂದು ಕೋಟಿ ಲೀಟರ್ ಹರಿದು, 30 ಮೀಟರ್ ಎತ್ತರದಿಂದ ಇಳಿವ ನೀರಿನಷ್ಟು ಒತ್ತಡ ಹೆಚ್ಚುವರಿಯಾಗಿದ್ದರೆ 570 ಯೂನಿಟ್ ಸಿಕ್ಕೀತು. ಯೂನಿಟ್ಟಿಗೆ ಏಳು ರೂಪಾಯಿ ಎಂದುಕೊಂಡರೂ ದಿನಕ್ಕೆ ನಾಲ್ಕು ಸಾವಿರ, ವರ್ಷಕ್ಕೆ ಹದಿನಾಲ್ಕು ಲಕ್ಷದ ಮೇಲೆ. ಯಂತ್ರ, ಬೈಪಾಸ್, ದುರಸ್ತಿ ಎಲ್ಲವೂ ಇದರಲ್ಲೇ ತೀರಬೇಕು. ಅದೂ ನೀರು ನಿರಂತರ ಹರಿದರೆ! 2008ರಲ್ಲಿ ಕೆಲವು ವಾರ್ಡ್‌ಗಳಲ್ಲಿ ಶುರುವಾದ 24 ತಾಸಿನ ಪೂರೈಕೆ ಇರುವಲ್ಲಿ ಈ ಲೆಕ್ಕ ಕೂಡಿಬಂದೀತು. ಕೆಲವು ದಿನಗಳಿಗೊಮ್ಮೆ ಕೆಲವೇ ತಾಸು ನೀರು ಬರುವ ಕಡೆ ಅಷ್ಟೇ ನೀರಿಗೆ ದೊಡ್ಡ ಯಂತ್ರ ಬೇಕು, ಅದು ಬಹುಪಾಲು ಹೊತ್ತು ಸುಮ್ಮನೆ ಕೂತಿರುತ್ತದೆ.

ಮನೆಯ ನಳಕ್ಕೆ ಹಚ್ಚುವ ಟರ್ಬೈನಿನ ಮಾತು ಬಿಡಿ. ದಿನಕ್ಕೆ 500 ಲೀಟರ್ ನೀರು 20 ಮೀಟರ್ ಇಳಿದರೂ ತಿಂಗಳಿಗೆ ಹುಟ್ಟುವುದು ಅರ್ಧ ಯೂನಿಟ್ಟಿನ ಆಸುಪಾಸು. ಅದರ ಬೆಲೆಗೆ ಒಂದು ಕಪ್ ಚಹಾ ಕೂಡ ಬರುವುದಿಲ್ಲ.

ಸೋರಿಕೆಯನ್ನು ನೋಡಿ. 100 ಮೀಟರ್ ಎತ್ತಿ ತಂದ ಸಾವಿರ ಲೀಟರ್ ರಸ್ತೆಪಾಲಾಗದಂತೆ ತಡೆದರೆ 0.42 ಯೂನಿಟ್ ಉಳಿಯುತ್ತದೆ. 30 ಮೀಟರಿನ ಟರ್ಬೈನ್ ಅಷ್ಟೇ ನೀರಿನಿಂದ ಕೊಡುವುದರ ಏಳು ಪಟ್ಟು ಇದು. ಆದರೆ ಸೋರಿಕೆ ಮುಚ್ಚುವುದಕ್ಕೆ ಉದ್ಘಾಟನೆಯ ರಿಬ್ಬನ್ ಇರುವುದಿಲ್ಲವಲ್ಲ.

ಹೊಳೆಗೆ ಸುರಿದರೂ ಅಳೆದು ಸುರಿ ಎಂದವರು ನಮ್ಮ ಹಿರಿಯರು. ಮೊದಲು ಮುಖ್ಯ ವಾಲ್ವ್‌ಗಳ ಎರಡೂ ಬದಿಗೆ ಒತ್ತಡಮಾಪಕ ಹಾಕಿಸಿ, ಬೇಸಿಗೆ ಮತ್ತು ಮಳೆಗಾಲದ ಅಂಕಿಗಳನ್ನು ಪ್ರಕಟಿಸಿ. ಸಾವಿರ ಲೀಟರಿಗೆ ಪಂಪ್‌ಗಳು ತಿನ್ನುವ ಯೂನಿಟ್ ಎಷ್ಟೆಂಬುದನ್ನೂ ಜೊತೆಗೆ ತಿಳಿಸಿ. ಆಮೇಲೂ ಯಾವುದಾದರೂ ವಾಲ್ವ್ ಲಾಭದ್ದೆಂದು ಕಂಡರೆ ಟೆಂಡರ್ ಕರೆಯಿರಿ. ಪೋರ್ಟ್‌ಲ್ಯಾಂಡ್‌ನಲ್ಲಿ ಬಂಡವಾಳ ಖಾಸಗಿಯವರದಾಗಿತ್ತು. ಇಲ್ಲಿಯೂ ಯಂತ್ರದ ಖರ್ಚು ಅವರದೇ ಇರಲಿ, ಪಾಲಿಕೆ ಹುಟ್ಟಿದ ಯೂನಿಟ್ಟಿಗಷ್ಟೇ ಹಣ ಕೊಡಲಿ.

ಇಂತಿ,
ನೀರಿನ ಕರ ಕಟ್ಟುವ ಧಾರವಾಡದ ನಾಗರಿಕ