ತುಂಟತನದ ಪದಗಳ ಬಳಕೆ ಕುರಿತು ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೆ,

ನಿನ್ನೆ ಗುಂಪಿನಲ್ಲಿ ಬಂದ ಒಂದು ಚಿತ್ರದಲ್ಲಿ, ಅಜ್ಜನ ಕನ್ನಡಕವನ್ನು ಅಕ್ಕಿಡಬ್ಬಿಯಲ್ಲಿ ಬಚ್ಚಿಟ್ಟು ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಮಗುವನ್ನು ‘ಕಿಡಿಗೇಡಿ’ ಎಂದು ಕರೆಯಲಾಗಿತ್ತು. ಬಸ್ಸಿಗೆ ಕಲ್ಲು ತೂರಿದವರನ್ನು ಪತ್ರಿಕೆಗಳು ಕರೆಯುವುದು ಆ ಪದದಿಂದಲೇ ಆದ್ದರಿಂದ, ಮಗುವಿಗೆ ಅದು ತೀರಾ ಕಟುವಾಯಿತು. ‘ತುಂಟ’ ಎಂದರೆ ಗದರಿಕೆಯೂ ಮುದ್ದೂ ಒಟ್ಟಿಗೇ ಬರುತ್ತವೆ.

‘ಕೀಟಲೆ’ಗೆ ಎದುರಿಗೊಬ್ಬರು ಬೇಕು, ಅವರಿಗೆ ಸ್ವಲ್ಪ ಕಿರಿಕಿರಿಯೂ ಆಗಬೇಕು. ‘ಹುಡುಗಾಟ’ ದೊಡ್ಡವರಿಗೂ ಸಲ್ಲುವ ಮಾತು: ‘ಮದುವೆಯೆಂದರೆ ಹುಡುಗಾಟವೇ?’ ಎಂದಾಗ ಗಾಂಭೀರ್ಯ ಸಾಲದೆಂಬ ಆಕ್ಷೇಪವಿರುತ್ತದೆ. ‘ಚೆಲ್ಲಾಟ’ದ ಇನ್ನೊಂದು ಮುಖವನ್ನು ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯೇ ತೋರಿಸಿಕೊಡುತ್ತದೆ.

ನನಗೆ ಅತ್ಯಂತ ಪ್ರಿಯವಾದದ್ದು ‘ಚೇಷ್ಟೆ’. ಸಂಸ್ಕೃತದಲ್ಲಿ ಅಂಗಾಂಗಗಳ ಚಲನೆಯನ್ನು ಸೂಚಿಸುವ ಈ ಪದ, ಒಂದು ಕ್ಷಣವೂ ಸುಮ್ಮನೆ ಕೂರದ ಮಗುವನ್ನು ಕಂಡು ಕನ್ನಡದಲ್ಲಿ ತುಂಟತನದ ಅರ್ಥಕ್ಕೆ ಹೊರಳಿರಬೇಕೆಂದು ನನ್ನ ಊಹೆ. ಅಲುಗಾಡದೆ ಬಿದ್ದವರನ್ನು ‘ನಿಶ್ಚೇಷ್ಟಿತ’ ಎನ್ನುವಾಗ ಹಳೆಯ ಅರ್ಥ ಹಾಗೆಯೇ ಉಳಿದಿದೆ.

ಮಂಗಳೂರಿನ ಕಡೆ ತಾಯಂದಿರು ‘ಲೂಟಿ ಮಾಡಬೇಡ’ ಎಂದರೆ ದರೋಡೆಯ ಮಾತಲ್ಲ, ತಂಟೆ ಮಾಡಬೇಡ ಎಂದಷ್ಟೇ ಅರ್ಥ. ಉತ್ತರ ಕರ್ನಾಟಕದ ‘ಉಡಾಳ’ನಲ್ಲಿ ತುಂಟತನಕ್ಕಿಂತ ಅಂಕೆಗೆ ಸಿಗದ ಅಲೆದಾಟವೇ ಹೆಚ್ಚು.

ನಿಮ್ಮ ಊರಿನ ಇಂಥ ಪದವನ್ನು, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳುತ್ತಾರೆಂಬುದು ತಿಳಿಯುವಂತೆ ಒಂದು ಪೂರ್ಣ ವಾಕ್ಯದೊಡನೆ ಭಾನುವಾರದೊಳಗೆ ಬರೆದು ಕಳುಹಿಸಬೇಕೆಂದು ವಿನಂತಿ.