ಕಾಲು ದಪ್ಪವಾದರೆ ಮೊದಲು ಕಾಲುಂಗುರ ನೋಡಿ

ಸಂಪಾದಕರಿಗೆ,

ನಮ್ಮ ಕರಾವಳಿಯಲ್ಲಿ ಹೆಂಗಸಿನ ಕಾಲು ದಪ್ಪವಾಯಿತೆಂದರೆ ಜನರ ಬಾಯಲ್ಲಿ ಬರುವುದು ಎರಡೇ ಮಾತು: ಆನೆಕಾಲು, ಇಲ್ಲವೇ ಬೊಜ್ಜು. ಒಂದಕ್ಕೆ ರಾತ್ರಿ ರಕ್ತ ತೆಗೆಯುತ್ತಾರೆ, ಇನ್ನೊಂದಕ್ಕೆ ‘ಅನ್ನ ಬಿಡಿ’ ಎನ್ನುತ್ತಾರೆ. ಇವೆರಡೂ ಅಲ್ಲದ, ಕಾಲಲ್ಲಿ ಕೊಬ್ಬು ಸೇರಿಕೊಳ್ಳುವ ಲಿಪಿಡೀಮಾ ಎಂಬ ಕಾಯಿಲೆಯನ್ನು ಅಮೆರಿಕದ ಅಲೆನ್ ಮತ್ತು ಹೈನ್ಸ್ ಎಂಬ ವೈದ್ಯರು 1940ರಲ್ಲೇ ವಿವರಿಸಿದ್ದರು. ಇಲ್ಲಿ ಅದರ ಹೆಸರೇ ಕೇಳಿಬರುವುದಿಲ್ಲ.

ಗುರುತು ಹಿಡಿಯಲು ಯಂತ್ರ ಬೇಡ. ಸೊಂಟದ ಕೆಳಗಿನಿಂದ ಕಾಲುಗಂಟಿನವರೆಗೆ ಎರಡೂ ಕಾಲು ಒಂದೇ ಸಮ ದಪ್ಪಗಾಗುತ್ತವೆ, ಪಾದ ಮಾತ್ರ ಇದ್ದ ಹಾಗೇ ಇರುತ್ತದೆ. ಗೆಜ್ಜೆ ಕೂರುವಲ್ಲಿ ಕೊಬ್ಬು ಬಳೆಯಂತೆ ನಿಂತು ಗೆಜ್ಜೆ ಬಿಗಿಯಾಗುತ್ತದೆ. ಮದುವೆಯಲ್ಲಿ ಹಾಕಿದ ಕಾಲುಂಗುರ ಈಗಲೂ ಸಲೀಸಾಗಿ ತಿರುಗುತ್ತದೆ. ಆನೆಕಾಲಿನಲ್ಲಿ ಹಾಗಲ್ಲ. ಸಾಮಾನ್ಯವಾಗಿ ಒಂದು ಕಾಲಿಗೆ ಹೆಚ್ಚು, ಪಾದವೂ ಊದುತ್ತದೆ, ಎರಡನೇ ಬೆರಳಿನ ಬುಡದ ಚರ್ಮ ಚಿವುಟಿದರೆ ಮೇಲೇಳುವುದಿಲ್ಲ. ಲಿಪಿಡೀಮಾದಲ್ಲಿ ಏಳುತ್ತದೆ. ಜೊತೆಗೆ ಮೀನಖಂಡ ಒತ್ತಿದರೆ ನೋವು. ಮಂಚದ ಅಂಚು ತಾಗಿದರೂ ನೀಲಿಗಟ್ಟುತ್ತದೆ. ಮೈನೆರೆದಾಗ, ಬಸಿರಿನಲ್ಲಿ ಅಥವಾ ಮುಟ್ಟು ನಿಲ್ಲುವಾಗ ಶುರುವಾಗುವುದೇ ಹೆಚ್ಚು. ತಾಯಿ, ಚಿಕ್ಕಮ್ಮನ ಕಾಲೂ ಹೀಗೇ ಇತ್ತೇ ಎಂದು ಕೇಳಬೇಕು. ಒಂದೇ ಕಾಲು ಏಕಾಏಕಿ ಊದಿ ಬಿಸಿಯಾದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಉಪವಾಸ ಮಾಡಿದರೆ ಮುಖ, ಸೊಂಟ ಇಳಿಯುತ್ತವೆ, ಕಾಲು ಅಷ್ಟಾಗಿ ಇಳಿಯುವುದಿಲ್ಲ. ಆದರೂ ತೂಕ ಏರಗೊಡಬಾರದು, ಮಂಡಿ ತಾಳುವುದಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆ ಇದಕ್ಕೆ ಮದ್ದಲ್ಲ; ಕಾಲಲ್ಲಿರುವುದು ಕೊಬ್ಬು, ನೀರಲ್ಲ.

ನೋವು ತಗ್ಗಿಸುವುದು ಒತ್ತಡದ ಸಾಕ್ಸ್. ಕಾಲಿನ ನರ ಉಬ್ಬುವುದಕ್ಕೆಂದು ಮಾರುವ ತೆಳ್ಳಗಿನ ವೆರಿಕೋಸ್ ಸಾಕ್ಸ್ ಕೊಂಡು ಮೋಸ ಹೋಗುವವರೇ ಹೆಚ್ಚು: ಮೇಲಂಚು ಮಂಡಿಯ ಕೆಳಗೆ ಸುರುಳಿಸುತ್ತಿ ಹಗ್ಗದಂತೆ ಕೊಯ್ಯುತ್ತದೆ. ಚಪ್ಪಟೆ ನೇಯ್ಗೆಯ ದಪ್ಪ ಸಾಕ್ಸನ್ನು ಅಳತೆ ಕೊಟ್ಟೇ ಮಾಡಿಸಬೇಕು. ಅಳತೆ ಬೆಳಿಗ್ಗೆ ಎದ್ದ ಕೂಡಲೇ ಆಗಬೇಕು, ಸಂಜೆಯ ಅಳತೆ ಸಡಿಲವಾಗುತ್ತದೆ. ಬಿಗಿಯ ಲೆಕ್ಕದಲ್ಲಿ ಎರಡನೇ ದರ್ಜೆಯ (ಕ್ಲಾಸ್ 2) ಸಾಕ್ಸಿನ ಒತ್ತಡ 23ರಿಂದ 32 ಮಿ.ಮೀ. ಪಾದರಸ. ಸಕ್ಕರೆ ಕಾಯಿಲೆಯವರು ಕಾಲಿನ ನಾಡಿ ತೋರಿಸದೆ ಹಾಕಬಾರದು. ಹಾಕಿಕೊಳ್ಳಲು ರಬ್ಬರ್ ಕೈಗವಸು ಬೇಕು, ಉಗುರು ತಾಗಿದರೆ ದಾರ ಕೀಳುತ್ತದೆ. ದಿನಾ ತೊಳೆದು ನೆರಳಲ್ಲಿ ಒಣಗಿಸಬೇಕು. ಮಳೆಗಾಲದಲ್ಲಿ ಒಂದೇ ದಿನಕ್ಕೆ ಒಣಗದು, ಎರಡು ಜೊತೆ ಇರಲಿ. ಆರು ತಿಂಗಳಿಗೆ ಬಿಗಿ ಹೋಗುತ್ತದೆ.

ನೀರಲ್ಲಿ ನಡೆಯುವುದೂ ಒಳ್ಳೆಯದು. ಒಂದು ಮೀಟರ್ ಆಳದಲ್ಲಿ ನೀರೇ ಸುಮಾರು 73 ಮಿ.ಮೀ. ಒತ್ತಡ ಕೊಡುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿನ ಮಾತು ಬೇಡ. ಕೊಬ್ಬು ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ಹಲವು ಹಂತದಲ್ಲಿ ಮಾಡುತ್ತಾರೆ, ಖರ್ಚಿನ ಬಾಬತ್ತು.

ಆಶಾ ಕಾರ್ಯಕರ್ತೆಯರು 30 ದಾಟಿದವರ ಸೊಂಟದ ಸುತ್ತಳತೆ ಹೇಗೂ ಬರೆದುಕೊಳ್ಳುತ್ತಾರೆ. ಸೊಂಟ 80 ಸೆಂ.ಮೀ. ಒಳಗಿದ್ದೂ ತೂಕ ಹೆಚ್ಚಿದ್ದರೆ ಸೀರೆ ಮಂಡಿಯವರೆಗೆ ಎತ್ತಿಸಿ ಎರಡೂ ಕಾಲು, ಪಾದ ನೋಡುವಂತೆ ಜಿಲ್ಲಾ ಆರೋಗ್ಯ ಇಲಾಖೆ ಅವರಿಗೆ ತಿಳಿಸಲಿ.

– ಫಿಸಿಯೋಥೆರಪಿಸ್ಟ್‌ಗಳು, ಕುಮಟಾ