ಕಪ್ಪತಗುಡ್ಡದ ಹುಲ್ಲು ಉಳಿಯಲಿ, ಬೈಕಿಗೆ ಬೇರೆ ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನನ್ನದೊಂದು ಬೈಕ್ ಗ್ಯಾರೇಜ್ ಇದೆ. ದೀಪಾವಳಿ ಮುಗಿದು ಹೊಲದಲ್ಲಿ ಬಿಳಿಜೋಳ ಮೇಲೆದ್ದಿತು ಅಂದರೆ ನಮಗೆ ಬರುವ ಕೆಲಸವೇ ಬದಲಾಗುತ್ತದೆ. ಆಫ್‌ರೋಡ್ ಟೈರ್ ಹಾಕಿಸುವವರು, ಎಂಜಿನ್ ಕೆಳಗೆ ಲೋಹದ ಗಾರ್ಡ್ ಕೂರಿಸುವವರು, ಹೆಡ್‌ಲೈಟ್ ಸಾಲದು ಅಂತ ಇನ್ನೆರಡು ಲೈಟ್ ಕಟ್ಟಿಸುವವರು ಬರುತ್ತಾರೆ. ಎಲ್ಲಿಗೆ ಹೊರಟಿರಿ ಅಂತ ಕೇಳಿದರೆ ಹೆಚ್ಚಿನವರು ಗದಗ ಜಿಲ್ಲೆಯ ಕಪ್ಪತಗುಡ್ಡ ಅನ್ನುತ್ತಾರೆ. ಇರುವ ರಸ್ತೆಯಲ್ಲಿ ಹೋಗಿ ಬರುವುದಾದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ರಸ್ತೆ ಬಿಟ್ಟು ಹುಲ್ಲಿನ ಇಳಿಜಾರಿನಲ್ಲಿ ಬೈಕ್ ಹತ್ತಿಸುವುದು, ರಾತ್ರಿ ಜೀಪಿನ ಲೈಟ್ ಬಿಟ್ಟು ತೋಳ, ಕತ್ತೆಕಿರುಬ ಹುಡುಕುವುದು, ಅದರ ವಿಡಿಯೊ ಮಾಡಿ ಜಾಗದ ಗುರುತಿನ ಸಮೇತ ಎಲ್ಲರಿಗೂ ಹಂಚುವುದು ಜಾಸ್ತಿ ಆಗಿದೆ. ಇದು ನಿಲ್ಲಬೇಕು. ನಿಲ್ಲಬೇಕು ಅಂದರೆ ಬೈಕಿನವರಿಗೆ ಬೇರೆ ಜಾಗವನ್ನೂ ತೋರಿಸಬೇಕು.

ನಾನೂ ಗೆಳೆಯರ ಜೊತೆ ವಾರದ ಕೊನೆಗೆ ಹೊರಡುವವನೇ. ಒಬ್ಬ ಬ್ಯಾಂಕಿನಲ್ಲಿದ್ದಾನೆ. ಇನ್ನೊಬ್ಬ ಧಾರವಾಡದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾನೆ. ಮತ್ತೊಬ್ಬನ ಹೊಲ ಶಿರಹಟ್ಟಿ ಕಡೆ ಇದೆ. ಶನಿವಾರ ಮಧ್ಯಾಹ್ನ ಲಕ್ಷ್ಮೇಶ್ವರದ ದಾರಿ ಹಿಡಿದರೆ ಹೊತ್ತು ಮುಳುಗುವ ಮುಂಚೆ ಆ ಹೊಲ ಸೇರುತ್ತೇವೆ. ಬದುವಿನ ಪಕ್ಕ ಟೆಂಟ್ ಹಾಕುತ್ತೇವೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮನೆಯಿಂದ ಬಂದಿರುತ್ತವೆ. ಚಹಾಕ್ಕೆ ಒಂದು ಸಣ್ಣ ಗ್ಯಾಸ್ ಒಲೆ ಸಾಕು. ಕಟ್ಟಿಗೆ ಹಾಕಿ ಬೆಂಕಿ ಮಾಡುವುದಿಲ್ಲ. ರಾತ್ರಿ ಒಂದು ಕಡೆ ನರಿ ಕೂಗು ಶುರು ಮಾಡಿದರೆ ಇನ್ನೊಂದು ದಿಕ್ಕಿನಿಂದ ಅದಕ್ಕೆ ಉತ್ತರ ಬರುತ್ತದೆ. ವಾರವಿಡೀ ಎಂಜಿನ್ ಸದ್ದಿನಲ್ಲಿ ಇರುವ ನನಗೆ ಅದನ್ನು ಕೇಳುತ್ತಾ ಮಲಗುವುದಕ್ಕಿಂತ ದೊಡ್ಡ ಸುಖ ಇಲ್ಲ.

ಬೆಳಿಗ್ಗೆ ಬೈಕ್ ಅಲ್ಲೇ ಬಿಟ್ಟು ಹೊಲ, ಹಳ್ಳದ ದಂಡೆ ಹಿಡಿದು ನಡೆಯುತ್ತೇವೆ. ನೋಡಲು ಕಲಿತರೆ ನೆಲದ ಮೇಲೆ ಎಷ್ಟೋ ವಿಷಯ ಇರುತ್ತದೆ. ಕತ್ತೆಕಿರುಬದ ಮಲ ಒಣಗಿದ ಮೇಲೆ ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಎಲುಬು ತಿನ್ನುವ ಪ್ರಾಣಿ ಅಲ್ವಾ, ಅದಕ್ಕೇ. ತೋಳದ ಮಲದಲ್ಲಿ ತಿಂದ ಮೊಲ, ಕುರಿಗಳ ಕೂದಲು ಇರುತ್ತದೆ. ಗಂಡು ಚಿಗರಿ (ಕೃಷ್ಣಮೃಗ) ಇದು ತನ್ನ ಜಾಗ ಅಂತ ತೋರಿಸಲು ಒಂದೇ ಕಡೆ ಮತ್ತೆ ಮತ್ತೆ ಹಿಕ್ಕೆ ಹಾಕುತ್ತದೆ. ದಾರಿಯಲ್ಲಿ ಕುರಿಗಾಹಿಗಳು ಸಿಕ್ಕರೆ ರಾತ್ರಿ ನಾಯಿಗಳು ಯಾವ ದಿಕ್ಕಿಗೆ ಬೊಗಳಿದವು ಅಂತ ಹೇಳುತ್ತಾರೆ. ಬೈಕಿನ ಮೇಲೆ ಕೂತವನಿಗೆ ಇದೊಂದೂ ಸಿಗುವುದಿಲ್ಲ. ಅವನ ಸದ್ದು ಕೇಳಿ ಪ್ರಾಣಿ ಎಷ್ಟೋ ಮೊದಲೇ ಜಾಗ ಬಿಟ್ಟಿರುತ್ತದೆ.

ಈ ಗುಡ್ಡ ತಾನಾಗಿ ಉಳಿದದ್ದಲ್ಲ. 2015ರ ಡಿಸೆಂಬರ್‌ನಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ವರ್ಷ ತುಂಬುವುದರೊಳಗೆ, 2016ರ ನವೆಂಬರ್‌ನಲ್ಲಿ, ಸರ್ಕಾರ ಆ ಘೋಷಣೆಯನ್ನು ವಾಪಸ್ ತೆಗೆದುಕೊಂಡಿತು. ಗಣಿಗಾರಿಕೆ ಬಂದೀತು ಅಂತ ಜನ ಎದ್ದರು. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. 2017ರ ಏಪ್ರಿಲ್‌ನಲ್ಲಿ ರಕ್ಷಣೆ ಮತ್ತೆ ಸಿಕ್ಕಿತು. 2019ರಲ್ಲಿ 244 ಚದರ ಕಿಲೋಮೀಟರ್ ಜಾಗ ವನ್ಯಜೀವಿಧಾಮ ಆಯಿತು. ಸ್ವಾಮಿಗಳು ಅದನ್ನು ನೋಡಲು ಇರಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು. ಗಣಿಯ ಯಂತ್ರ ಬರದಂತೆ ಅಷ್ಟೊಂದು ಜನ ಧರಣಿ ಕೂತು ಉಳಿಸಿಕೊಟ್ಟ ಹುಲ್ಲನ್ನು ನಾವು ರಜೆಯ ಮೋಜಿಗೆ ಕೀಳುವುದು ನನಗೆ ಸಹಿಸಲು ಆಗುತ್ತಿಲ್ಲ.

ಎರಡು ಚಕ್ರದ ಬೈಕ್ ಅಷ್ಟು ದೊಡ್ಡ ಗುಡ್ಡಕ್ಕೆ ಏನು ಮಾಡೀತು ಅಂತ ಹುಡುಗರು ಕೇಳುತ್ತಾರೆ. ಟೈರ್ ಹಾಕಿಕೊಡುವವನು ನಾನೇ ಆದ್ದರಿಂದ ಉತ್ತರ ಗೊತ್ತು. ಕಲ್ಲು, ಮಣ್ಣಿನಲ್ಲಿ ಹಿಡಿತ ಸಿಗಲಿ ಅಂತ ಟೈರಿನ ಗಾಳಿ ಇಳಿಸುತ್ತಾರೆ. ಆಗ ಟೈರ್ ಅಗಲವಾಗಿ ಕೂರುತ್ತದೆ, ಅದರ ರಬ್ಬರ್ ಗಂಟುಗಳು ನೆಲಕ್ಕೆ ಕಚ್ಚುತ್ತವೆ. ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಹಿಂದಿನ ಚಕ್ರ ನಿಂತಲ್ಲೇ ತಿರುಗಿ ಹುಲ್ಲನ್ನು ಬೇರು ಸಮೇತ ಎಸೆಯುತ್ತದೆ. ಗುಡ್ಡದ ಮೇಲಿನ ಮಣ್ಣು ತೆಳುವಾದದ್ದು, ಕೆಳಗೆ ಕಲ್ಲು. ಆ ಮಣ್ಣನ್ನು ಹಿಡಿದಿರುವುದು ಹುಲ್ಲಿನ ಬೇರೇ. ಕುರಿಗಳು ಇಳಿಜಾರಿಗೆ ಅಡ್ಡವಾಗಿ, ಓರೆಯಾಗಿ ನಡೆಯುತ್ತವೆ. ಬೈಕಿನವನು ತುದಿ ನೋಡಿ ನೇರ ಮೇಲಕ್ಕೆ ಹೋಗುತ್ತಾನೆ. ಮುಂಗಾರಿನ ಮೊದಲ ದೊಡ್ಡ ಮಳೆಯ ನೀರು ಅದೇ ಗೆರೆ ಹಿಡಿದು ಕೆಳಗೆ ಓಡುತ್ತದೆ. ಒಂದೆರಡು ಮಳೆಗಾಲದಲ್ಲಿ ಆ ಗೆರೆ ಕೊರಕಲು ಆಗುತ್ತದೆ. ಆಮೇಲೆ ಬಂದವರು ಅದನ್ನು ಬಿಟ್ಟು ಪಕ್ಕದಲ್ಲಿ ಹೊಸ ಗೆರೆ ಎಳೆಯುತ್ತಾರೆ.

ಬೆಂಕಿಯ ವಿಷಯವನ್ನೂ ಹೇಳಬೇಕು. ಅಲ್ಲಿ ಬಾದೆ ಹುಲ್ಲು ಎತ್ತರಕ್ಕೆ ಬೆಳೆಯುತ್ತದೆ. ಅದರಲ್ಲಿ ಎಣ್ಣೆಯ ಅಂಶ ಇದೆ, ಒಣಗಿದ ಮೇಲೆ ಭರ್ರನೆ ಉರಿಯುತ್ತದೆ. ಏರು ಹತ್ತಿ ಬಂದ ಬೈಕಿನ ಸೈಲೆನ್ಸರ್ ಪೈಪ್ ಎಂಜಿನ್ ಹತ್ತಿರ ಎಷ್ಟು ಕಾದಿರುತ್ತದೆ ಅಂತ ಕೈ ಸುಟ್ಟುಕೊಂಡ ಯಾವ ಮೆಕ್ಯಾನಿಕ್‌ನನ್ನಾದರೂ ಕೇಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಒಣ ಹುಲ್ಲಿನ ನಡುವೆ ಅಂಥ ಗಾಡಿ ನಿಲ್ಲಿಸಿದರೆ ಅದೇ ಸಾಕು. ಗದಗ ಕಡೆಯ ಗಾಳಿ ಎಂಥದ್ದು ಅಂತ ಅಲ್ಲಿ ನಿಂತಿರುವ ಗಾಳಿಯಂತ್ರಗಳನ್ನು ನೋಡಿದವರಿಗೆ ಹೇಳಬೇಕಿಲ್ಲ.

ಬೈಕಿನವರಿಗೆ ಒಳ್ಳೆಯ ತಿಂಗಳುಗಳೂ ಪ್ರಾಣಿಗಳಿಗೆ ಕಷ್ಟದ ತಿಂಗಳುಗಳೂ ಒಂದೇ ಆಗಿರುವುದು ದೊಡ್ಡ ತೊಂದರೆ. ತೋಳ ಚಳಿಗಾಲದಲ್ಲಿ ಮರಿ ಹಾಕುತ್ತದೆ. ಮರಿಗಳು ಎರಡು ಮೂರು ತಿಂಗಳು ಗುಹೆಯ ಸುತ್ತಲೇ ಇರುತ್ತವೆ. ಜನರ ಓಡಾಟ ಜಾಸ್ತಿ ಆದರೆ ತಾಯಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸಬೇಕು. ಹಾಗೆ ಓಡಿಸಿದ ತೋಳ ಕುರಿ ಹಟ್ಟಿಗಳ ಹತ್ತಿರ ಬಂದರೆ ನಷ್ಟ ಕುರಿಗಾಹಿಗೆ, ಸಿಟ್ಟು ತೋಳದ ಮೇಲೆ. ವಿಡಿಯೊ ಮಾಡಿದವರು ಅಷ್ಟರಲ್ಲಿ ಹುಬ್ಬಳ್ಳಿ ಸೇರಿರುತ್ತಾರೆ. ಬೇಸಿಗೆ ಬಂದರೆ ಟಿಟ್ಟಿಭ ಬರಿ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಬಣ್ಣ ಸುತ್ತಲ ಹರಳಿನದ್ದೇ. ನಿಧಾನ ನಡೆಯುವಾಗಲೇ ಕಾಣುವುದು ಕಷ್ಟ. ಗೌಜಲಕ್ಕಿ, ಬುರ್ಲಿಗಳ ಗೂಡೂ ನೆಲದ ಮೇಲೇ. ಓಡುವ ಬೈಕಿನವನು ಗೂಡಿನ ಮೇಲೆ ಹಾದುಹೋದರೂ ಅವನಿಗೆ ತಿಳಿಯುವುದಿಲ್ಲ.

ಗುಡ್ಡದಲ್ಲಿ ಮಾತ್ರ ಹೀಗೆ ಅಂತಲ್ಲ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅವು ಸುತ್ತಲ ಹೊಲಗಳಲ್ಲಿ ಮೇಯ್ದು ಕೆರೆಗೆ ಬಂದು ವಿಶ್ರಾಂತಿ ಪಡೆಯುತ್ತವೆ. ದಂಡೆಯಲ್ಲಿ ಬೈಕ್ ಸದ್ದು ಮಾಡಿದರೆ, ಮೇಲೆ ಡ್ರೋನ್ ಹಾರಿಸಿದರೆ ಇಡೀ ಹಿಂಡು ಏಳುತ್ತದೆ. ಏಳುವ ಚಿತ್ರ ಚೆಂದ ಬರುತ್ತದೆ ನಿಜ. ಅಷ್ಟು ದೂರ ಹಾರಿ ಬಂದ ಹಕ್ಕಿಯನ್ನು ಚಿತ್ರಕ್ಕಾಗಿ ಮತ್ತೆ ಹಾರಿಸುವುದು ಎಷ್ಟು ಸರಿ? ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಧಾಮ 1974ರಲ್ಲಿ ಚಿಗರಿಗಳಿಗಾಗಿ ಆದದ್ದು, 119 ಚದರ ಕಿಲೋಮೀಟರ್. ಒಂದು ಕಾಲದಲ್ಲಿ ಅಲ್ಲಿ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಇತ್ತು, ಈಗ ಇಲ್ಲ. ಬಯಲು ನಾಡಿನ ಪ್ರಾಣಿಗಳಿಗೆ ನಾವು ಇಷ್ಟೇ ಜಾಗ ಉಳಿಸಿದ್ದೇವೆ.

ಕಾನೂನು ಇಲ್ಲ ಅಂತಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಧಾಮದೊಳಗೆ ಹೋಗಲು ಅನುಮತಿ ಬೇಕು. ಬೆಂಕಿ ಹಚ್ಚುವುದು, ಪ್ರಾಣಿಗಳ ನೆಲೆ ಹಾಳು ಮಾಡುವುದು ಅಪರಾಧ. ಆದರೆ ಧಾಮದ ಗಡಿ ಎಲ್ಲಿ ಶುರು ಅಂತ ಗೊತ್ತಿಲ್ಲದೆ ಬರುವ ಹುಡುಗರೂ ಇದ್ದಾರೆ. ನನ್ನ ಗ್ಯಾರೇಜಿಗೆ ಬರುವವರಲ್ಲಿ ಹೆಚ್ಚಿನವರು ಒಳ್ಳೆಯವರೇ. ಅವರಿಗೆ ಬೇಕಾಗಿರುವುದು ಕಲ್ಲು, ಏರು, ಕೆಸರು, ಜೊತೆಗೆ ನಾಲ್ಕು ಗೆಳೆಯರು. ಅದಕ್ಕೆ ಕಪ್ಪತಗುಡ್ಡವೇ ಆಗಬೇಕಿಲ್ಲ.

ಗದಗ, ಹಾವೇರಿ, ಧಾರವಾಡ ಜಿಲ್ಲಾಡಳಿತಗಳಿಗೆ ನನ್ನ ವಿನಂತಿ ಇದು. ಕೆಲಸ ನಿಂತುಹೋದ ಕಲ್ಲು ಕ್ವಾರಿಗಳಲ್ಲಿ ಧಾಮಗಳಿಂದ, ಊರಿನಿಂದ ದೂರ ಇರುವ, ನೀರು ನಿಲ್ಲದ ಜಾಗ ನೋಡಿ ಜಿಲ್ಲೆಗೆ ಒಂದಾದರೂ ಆಫ್‌ರೋಡ್ ಟ್ರ್ಯಾಕ್ ಗುರುತಿಸಿ. ಆಳದ ಗುಂಡಿಗಳಿಗೆ ಬೇಲಿ ಹಾಕಿಸಿ. ಒಳಗೆ ಹೋಗಲು ಶುಲ್ಕ ಇಡಿ, ಅದು ಆ ಊರಿನ ಪಂಚಾಯ್ತಿಗೇ ಸೇರಲಿ. ಪಕ್ಕದಲ್ಲಿ ಟೆಂಟ್ ಹಾಕಲು ಸ್ವಲ್ಪ ಜಾಗ, ಕುಡಿಯುವ ನೀರು, ಒಂದು ಶೌಚಾಲಯ ಇದ್ದರೆ ಸಾಕು. ಅರಣ್ಯ ಇಲಾಖೆಯವರು ಗುಡ್ಡದ ದಾರಿಗಳಲ್ಲಿ ವಾಹನ ಇಲ್ಲಿಯವರೆಗೆ ಮಾತ್ರ ಅಂತ ದೊಡ್ಡ ಅಕ್ಷರದಲ್ಲಿ ಕನ್ನಡದ ಬೋರ್ಡ್ ನಿಲ್ಲಿಸಬೇಕು. ಬೈಕ್ ಗುಂಪುಗಳನ್ನು ನಡೆಸುವವರು ತೋಳದ ಗುಹೆ, ಹಕ್ಕಿ ಗೂಡುಗಳ ಜಾಗ ಯಾರಿಗೂ ಹಂಚಬಾರದು ಅಂತ ತಮ್ಮವರಿಗೆ ಹೇಳಬೇಕು. ಫೋಟೊ ಹಾಕಲಿ, ಊರಿನ ಹೆಸರು ಬೇಡ.

ಮುಂದಿನ ದೀಪಾವಳಿಯೊಳಗೆ ಒಂದು ಜಾಗವಾದರೂ ಗೊತ್ತಾದರೆ ಟ್ರ್ಯಾಕ್ ಮಾಡುವ ಕೆಲಸಕ್ಕೆ ನಾನು, ನನ್ನ ಗೆಳೆಯರು ಬರಲು ಸಿದ್ಧ. ಅಂಚಿಗೆ ಸಾಲಾಗಿ ಹೂಳಲು ಹಳೆಯ ಟೈರ್ ಬೇಕಾಗುತ್ತವೆ. ಅವು ನನ್ನ ಗ್ಯಾರೇಜಿನ ಹಿಂದೆ ರಾಶಿ ಬಿದ್ದಿವೆ, ದುಡ್ಡು ಕೊಡಬೇಕಿಲ್ಲ, ಗಾಡಿ ಕಳಿಸಿದರೆ ಸಾಕು.

– ಒಬ್ಬ ಬೈಕ್ ಮೆಕ್ಯಾನಿಕ್, ಗೋಕುಲ ರಸ್ತೆ, ಹುಬ್ಬಳ್ಳಿ